ಒಲೆ ಯಾರದು, ಬಯಲು ಯಾರದು, ಹೊಣೆ ಯಾರದು?

ಅಮೆರಿಕದ ಕೆಂಟಕಿ ರಾಜ್ಯದ ಪಶ್ಚಿಮ ತುದಿಯಲ್ಲಿ ಫ್ಯಾನ್ಸಿ ಫಾರ್ಮ್ ಎಂಬ ಹಳ್ಳಿಯಿದೆ. ಮನೆಮನೆ ಎಣಿಸಿದರೂ ಜನಸಂಖ್ಯೆ ಐನೂರು ದಾಟುವುದು ಕಷ್ಟ. ಸುತ್ತ ಹೊಲ, ನಡುವೆ ಸೇಂಟ್ ಜೆರೋಮ್ ಕ್ಯಾಥೊಲಿಕ್ ಚರ್ಚು. ಮಿಕ್ಕ ದಿನಗಳಲ್ಲಿ ಹೊರಗಿನವರು ತಿರುಗಿಯೂ ನೋಡದ ಈ ಊರಿಗೆ ಆಗಸ್ಟ್ ತಿಂಗಳ ಮೊದಲ ಶನಿವಾರ ಸಾವಿರಾರು ಜನ ಬಂದಿಳಿಯುತ್ತಾರೆ. ಗವರ್ನರ್ ಆಗಬೇಕೆಂದವರು, ಸೆನೆಟರುಗಳು, ಟಿ.ವಿ. ವಾಹನಗಳು, ಊರು ಬಿಟ್ಟು ಹೋದವರ ಮಕ್ಕಳು ಮೊಮ್ಮಕ್ಕಳು ಎಲ್ಲರೂ ಅಂದು ಅಲ್ಲಿರುತ್ತಾರೆ. ಇವರನ್ನೆಲ್ಲ ಎಳೆದು ತರುವುದು ಆ ಚರ್ಚಿನ ಬೇಸಿಗೆ ಪಿಕ್ನಿಕ್. ಅದು ನಡೆದು ಬಂದಿರುವುದು 1880ರಿಂದ.

ಊಟದ ತಯಾರಿ ಹಿಂದಿನ ದಿನವೇ ಶುರು. ಹಿಕರಿ ಮರದ ಸೌದೆ ಸುಟ್ಟು ಕೆಂಡ ಮಾಡಿ, ಕಾಂಕ್ರೀಟ್ ಇಟ್ಟಿಗೆ ಜೋಡಿಸಿ ಕಟ್ಟಿದ ಉದ್ದುದ್ದ ಒಲೆಗಳಿಗೆ ಸುರಿಯುತ್ತಾರೆ. ಮೇಲೆ ಜಾಳಿಗೆ, ಅದರ ಮೇಲೆ ಹಂದಿ ಮತ್ತು ಕುರಿ ಮಾಂಸ. ಉರಿ ಏಳಬಾರದು, ಕೆಂಡ ಆರಬಾರದು. ಅದಕ್ಕಾಗಿ ರಾತ್ರಿಯಿಡೀ ಎಚ್ಚರವಿರುವ ಕೈಗಳು ಬೇಕು. 1982ರ ಗಿನ್ನೆಸ್ ದಾಖಲೆ ಪುಸ್ತಕ ಇದನ್ನು ಜಗತ್ತಿನ ಅತಿ ದೊಡ್ಡ ಒಂದು ದಿನದ ಪಿಕ್ನಿಕ್ ಎಂದು ಕರೆಯಿತು. ಅದರಲ್ಲಿ ಕೊಟ್ಟ ಲೆಕ್ಕ 15,000 ಪೌಂಡ್ ಮಾಂಸ, ಅಂದರೆ ಸುಮಾರು 6,800 ಕಿಲೋ. ಇಷ್ಟನ್ನೂ ಬೇಯಿಸಿ ಬಡಿಸುವವರು ಅದೇ ಚರ್ಚಿನ ಕುಟುಂಬದವರು. ಒಬ್ಬರು ಕೆಂಡ ನೋಡಿಕೊಂಡರೆ ಇನ್ನೊಬ್ಬರು ತರಕಾರಿ ಹೆಚ್ಚುತ್ತಾರೆ, ಮತ್ತೊಬ್ಬರು ಮನೆಯಲ್ಲಿ ಪೈ ಬೇಯಿಸಿ ತರುತ್ತಾರೆ. ಮಾರಾಟದಿಂದ ಬಂದ ಹಣ ಧರ್ಮಕೇಂದ್ರದ ಖರ್ಚಿಗೆ ಸಲ್ಲುತ್ತದೆ.

ಚರ್ಚಿನ ಪಿಕ್ನಿಕ್ ಎಂದೊಡನೆ ಎರಡು ಹಾಡು, ನಾಲ್ಕು ಆಟ, ಒಂದು ಊಟ ಎಂದು ತಳ್ಳಿಹಾಕುವವರೇ ಹೆಚ್ಚು. ಹೊರಗಿನವರು ಹಾಗೆ ಅಂದುಕೊಂಡರೆ ಬಿಡಬಹುದು. ಒಳಗಿನವರೂ ಈಚೆಗೆ ಅದನ್ನು ಅಷ್ಟಕ್ಕೇ ಇಳಿಸಿಕೊಳ್ಳುತ್ತಿದ್ದಾರೆ. ಒಂದು ಬಸ್ಸು, ಒಂದು ರೆಸಾರ್ಟು, ತಲೆಗಿಷ್ಟು ಎಂದು ಮಾತಾಡಿದ ಬಫೆ, ಸಂಜೆ ಒಂದು ಗುಂಪು ಫೋಟೊ. ಸುಖವಿಲ್ಲವೆಂದಲ್ಲ. ಆದರೆ ಬೇಸಿಗೆ ಪಿಕ್ನಿಕ್ಕಿಗೆ ಇದಕ್ಕಿಂತ ದೊಡ್ಡ ಚರಿತ್ರೆಯಿದೆ. ಅದನ್ನು ಓದಿದರೆ ಮೂರು ಪ್ರಶ್ನೆ ಎದ್ದು ಕಾಣುತ್ತವೆ: ಒಲೆ ಯಾರದು, ಬಯಲು ಯಾರದು, ಹೊಣೆ ಯಾರದು? ಈ ಮೂರಕ್ಕೂ ‘ನಮ್ಮದೇ’ ಎಂದು ಹೇಳಬಲ್ಲ ಸಭೆ ಮಾತ್ರ ನಿಜವಾದ ಪಿಕ್ನಿಕ್ ಮಾಡುತ್ತದೆ. ಉಳಿದದ್ದು ಟಿಕೆಟ್ ಕೊಂಡ ಪ್ರವಾಸ.

ಫ್ಯಾನ್ಸಿ ಫಾರ್ಮ್‌ನ ಒಲೆ ಊರಿನದಾದ್ದರಿಂದಲೇ ಅಲ್ಲಿನ ರಾಜಕೀಯಕ್ಕೂ ಒಂದು ಬೇರೆ ರುಚಿ ಬಂದಿದೆ. 1931ರಲ್ಲಿ ‘ಹ್ಯಾಪಿ’ ಎಂದೇ ಹೆಸರಾದ ಎ.ಬಿ. ಚಾಂಡ್ಲರ್ ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಓಟು ಕೇಳುತ್ತ ಇಲ್ಲಿಗೆ ಬಂದು ಭಾಷಣ ಮಾಡಿದರು. ಅಲ್ಲಿಂದ ಮುಂದೆ ಅದು ವಾಡಿಕೆಯಾಯಿತು. ಅಧ್ಯಕ್ಷ ಟ್ರೂಮನ್ ಕಾಲದಲ್ಲಿ ಉಪಾಧ್ಯಕ್ಷರಾಗಿದ್ದ ಆಲ್ಬೆನ್ ಬಾರ್ಕ್ಲಿ ಇದೇ ಗ್ರೇವ್ಸ್ ಕೌಂಟಿಯಲ್ಲಿ ಹುಟ್ಟಿದವರು. ಅವರೂ ಇಲ್ಲಿನ ಭಾಷಣಕಾರರೇ. 1975ರಲ್ಲಿ ಅಲಬಾಮಾದ ಗವರ್ನರ್ ಜಾರ್ಜ್ ವಾಲೆಸ್ ಬಂದಿದ್ದರು. 2014ರಲ್ಲಿ ಸೆನೆಟ್ ಚುನಾವಣೆಗೆ ಮುನ್ನ ಎದುರಾಳಿಗಳಾದ ಮಿಚ್ ಮೆಕಾನೆಲ್ ಮತ್ತು ಅಲಿಸನ್ ಲಂಡರ್‌ಗನ್ ಗ್ರೈಮ್ಸ್ ಇದೇ ವೇದಿಕೆಯಲ್ಲಿ ಒಬ್ಬರನ್ನೊಬ್ಬರು ಕೆಣಕಿದರು. 2023ರಲ್ಲಿ ಗವರ್ನರ್ ಆ್ಯಂಡಿ ಬೆಷಿಯರ್ ಮತ್ತು ಅವರ ಎದುರಾಳಿ ಡೇನಿಯಲ್ ಕ್ಯಾಮರಾನ್ ಕೂಡ ಹಾಗೆಯೇ ಮಾಡಿದರು. ಕೇಳುವವರು ಎರಡು ಬಣವಾಗಿ ಕೂತು ಕೂಗುತ್ತಾರೆ, ಅಣಕಿಸುತ್ತಾರೆ. ಎದುರು ಪಕ್ಷದವರ ಗದ್ದಲದ ನಡುವೆ ಮಾತು ಮುಗಿಸಿಬರುವುದೇ ಒಂದು ಪರೀಕ್ಷೆ.

ಕರ್ನಾಟಕದ ಓದುಗರಿಗೆ ಇದು ಜಾತ್ರೆಯ ಬಯಲಲ್ಲಿ ಚುನಾವಣಾ ಭಾಷಣ ನಡೆದಂತೆ ಕಾಣಬಹುದು. ಒಂದು ವ್ಯತ್ಯಾಸ ಮಾತ್ರ ಮುಖ್ಯ. ನಮ್ಮಲ್ಲಿ ನಾಯಕ ಪೆಂಡಾಲು ಹಾಕಿಸುತ್ತಾನೆ, ಊಟ ಹಾಕಿಸುತ್ತಾನೆ, ಜನ ಅಲ್ಲಿಗೆ ಹೋಗುತ್ತಾರೆ. ಫ್ಯಾನ್ಸಿ ಫಾರ್ಮ್‌ನಲ್ಲಿ ಪೆಂಡಾಲೂ ಊಟವೂ ಚರ್ಚಿನದು, ನಾಯಕ ಅತಿಥಿ. ಯಾರು ಯಾವಾಗ ಎಷ್ಟು ಹೊತ್ತು ಮಾತಾಡಬೇಕೆಂದು ಸಂಘಟಕರು ಗೊತ್ತುಮಾಡುತ್ತಾರೆ. ಒಲೆಯ ಯಜಮಾನಿಕೆ ಯಾರ ಕೈಯಲ್ಲಿದೆಯೋ ಅವರೇ ಅಂದಿನ ಮನೆಯವರು. ಈಚಿನ ವರ್ಷಗಳಲ್ಲಿ ಕೂಗಾಟ ಅತಿಯಾಯಿತೆಂಬ ಗೊಣಗಾಟ ಇದೆ, ಕೆಲವು ನಾಯಕರು ಬರುವುದನ್ನೇ ಬಿಟ್ಟಿದ್ದಾರೆ. ಅವರು ಬಾರದಿದ್ದರೂ ಮಾಂಸ ಬೇಯುತ್ತದೆ, ಬಿಂಗೊ ಆಟ ನಡೆಯುತ್ತದೆ, ಜನ ಬರುತ್ತಾರೆ. ರಾಜಕೀಯಕ್ಕೆ ಪಿಕ್ನಿಕ್ ಬೇಕು, ಪಿಕ್ನಿಕ್ಕಿಗೆ ರಾಜಕೀಯ ಬೇಕೇಬೇಕೆಂದಿಲ್ಲ.

ಇನ್ನು ಬಯಲಿನ ವಿಷಯ. ಮರದ ನೆರಳು, ಒಂದಿಷ್ಟು ಹುಲ್ಲು ಎಲ್ಲರಿಗೂ ಸಿಕ್ಕೇ ಸಿಗುತ್ತದೆಂದು ನಂಬುವವರು ಟೆಕ್ಸಸ್‌ನ ಹ್ಯೂಸ್ಟನ್ ನಗರದ ಕಥೆ ಕೇಳಬೇಕು. 1865ರ ಜೂನ್ 19ರಂದು ಟೆಕ್ಸಸ್‌ನ ಗುಲಾಮರಿಗೆ ಬಿಡುಗಡೆಯ ಘೋಷಣೆ ತಲುಪಿತು. ಆ ದಿನವನ್ನು ‘ಜೂನ್‌ಟೀಂತ್’ ಎಂದು ಪ್ರತಿವರ್ಷ ಬಯಲಲ್ಲಿ ಕೂಡಿ ಆಚರಿಸಬೇಕೆಂದು ಬಿಡುಗಡೆಯಾದವರಿಗೆ ಆಸೆ. ಆದರೆ ಕೂಡಲು ಜಾಗ ಕೊಡುವವರಾರು? 1872ರಲ್ಲಿ, ತಾವೂ ಗುಲಾಮರಾಗಿದ್ದ ಬ್ಯಾಪ್ಟಿಸ್ಟ್ ಬೋಧಕ ಜ್ಯಾಕ್ ಯೇಟ್ಸ್ ಮುಂದಾದರು. ಅವರ ಆ್ಯಂಟಿಯಾಕ್ ಬ್ಯಾಪ್ಟಿಸ್ಟ್ ಚರ್ಚು, ಜೊತೆಗೆ ಟ್ರಿನಿಟಿ ಮೆಥಡಿಸ್ಟ್ ಚರ್ಚಿನವರು ಹಣ ಕೂಡಿಸಿ 10 ಎಕರೆ ನೆಲವನ್ನೇ ಕೊಂಡುಬಿಟ್ಟರು. ಏಳು ವರ್ಷದ ಹಿಂದೆ ಸ್ವಂತ ಮೈಯೂ ತಮ್ಮದಲ್ಲದಿದ್ದವರು ಹಬ್ಬದೂಟಕ್ಕಾಗಿ ನೆಲ ಕೊಂಡರು. ಅದಕ್ಕೆ ಇಟ್ಟ ಹೆಸರು ಇಮ್ಯಾನ್ಸಿಪೇಷನ್ ಪಾರ್ಕ್. ಮುಂದೆ ಅದು ನಗರಾಡಳಿತದ ಕೈಗೆ ಬಂತು. 1922ರಿಂದ 1940ರವರೆಗೆ ಹ್ಯೂಸ್ಟನ್‌ನಲ್ಲಿ ಕರಿಯ ಜನರಿಗೆ ಪ್ರವೇಶವಿದ್ದ ಸಾರ್ವಜನಿಕ ಪಾರ್ಕು ಅದೊಂದೇ. ಉಳಿದ ಪಾರ್ಕುಗಳ ಹುಲ್ಲು ಬಿಳಿಯರ ಸೊತ್ತಾಗಿತ್ತು. ಜೂನ್‌ಟೀಂತ್ ಅಮೆರಿಕದ ರಾಷ್ಟ್ರೀಯ ರಜಾದಿನವಾದದ್ದು 2021ರಲ್ಲಿ. ಸರ್ಕಾರಕ್ಕೆ ಹೊಳೆಯುವುದಕ್ಕೆ ಒಂದೂವರೆ ಶತಮಾನ ಮೊದಲೇ ಎರಡು ಬಡ ಚರ್ಚುಗಳಿಗೆ ಅದರ ಬೆಲೆ ಗೊತ್ತಿತ್ತು.

ಇಂಗ್ಲೆಂಡಿನ ಬಡವರಿಗೆ ಬಯಲು ಸಿಕ್ಕಿದ ಬಗೆ ಬೇರೆ. ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆ ಊರುಗಳಲ್ಲಿ ವಾರಕ್ಕೆ ಆರು ದಿನ ದುಡಿತ, ಏಳನೆಯ ದಿನ ಚರ್ಚು. ಸಂಬಳ ಸಹಿತ ರಜೆ ಎಂಬ ಮಾತೇ ಹುಟ್ಟಿರಲಿಲ್ಲ. ಮಕ್ಕಳು ಅಕ್ಷರ ಕಲಿತದ್ದೇ ಭಾನುವಾರದ ಶಾಲೆಗಳಲ್ಲಿ. 1780ರ ಸುಮಾರಿಗೆ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕಾ ಸಂಪಾದಕರು ಹಬ್ಬಿಸಿದ ಶಾಲೆಗಳು ಅವು. ವರ್ಷಕ್ಕೊಮ್ಮೆ ಆ ಶಾಲೆಯವರು ಮಕ್ಕಳನ್ನು ಗಾಡಿಯಲ್ಲೋ ರೈಲಲ್ಲೋ ಹೊಲದ ಕಡೆಗೆ, ಕಡಲ ಕಡೆಗೆ ಕರೆದೊಯ್ದು ಚಹಾ, ಬನ್ನು ಕೊಟ್ಟು ಓಟದ ಪಂದ್ಯ ಆಡಿಸಿ ಕರೆತರುತ್ತಿದ್ದರು. ಎಷ್ಟೋ ಮಕ್ಕಳಿಗೆ ಕಡಲು ಕಂಡದ್ದು ಆ ಒಂದು ದಿನವೇ.

ಇಂದಿನ ಪ್ರವಾಸೋದ್ಯಮದ ಬೇರೂ ಅಲ್ಲೇ ಇದೆ. ಥಾಮಸ್ ಕುಕ್ ಮರಗೆಲಸದವರು, ಬ್ಯಾಪ್ಟಿಸ್ಟ್ ಬೋಧಕರೂ ಆಗಿದ್ದವರು. ಕುಡಿತದಿಂದ ಜನರನ್ನು ಬಿಡಿಸಬೇಕೆಂದರೆ ಅವರಿಗೆ ಇನ್ನೊಂದು ಸಂತೋಷ ತೋರಿಸಬೇಕು ಎಂಬುದು ಅವರ ನಂಬಿಕೆ. 1841ರ ಜುಲೈ 5ರಂದು ಸುಮಾರು 500 ಜನರನ್ನು ತಲೆಗೆ ಒಂದು ಶಿಲಿಂಗ್‌ನಂತೆ ಲೆಸ್ಟರ್‌ನಿಂದ ಲಫ್‌ಬರೊಗೆ ರೈಲಿನಲ್ಲಿ ಪಾನವಿರೋಧಿ ಸಭೆಗೆ ಕರೆದುಕೊಂಡು ಹೋದರು. ಮುಂದಿನ ಮೂರು ಬೇಸಿಗೆ ಪಾನವಿರೋಧಿ ಸಂಘದವರಿಗೂ ಭಾನುವಾರದ ಶಾಲೆಯ ಮಕ್ಕಳಿಗೂ ಇಂಥದೇ ಪ್ರವಾಸ ಏರ್ಪಡಿಸಿದರು. ಅವರ ಹೆಸರಿನ ಜಗದ್ವಿಖ್ಯಾತ ಪ್ರವಾಸ ಕಂಪನಿ ಬೆಳೆದದ್ದು ಈ ಬೀಜದಿಂದ. ಧರ್ಮಸಭೆಯವರು ಹೊರಗೆ ಹೋಗಿ ಉಂಡುಬರುವ ಅಭ್ಯಾಸ ಒಂದು ಜಾಗತಿಕ ವ್ಯಾಪಾರವನ್ನೇ ಹುಟ್ಟಿಸಿತು. ಆ ವ್ಯಾಪಾರವೇ ಇಂದು ಪ್ಯಾಕೇಜಿನ ರೂಪದಲ್ಲಿ ತಿರುಗಿ ಬಂದು ಸಭೆಗಳ ಪಿಕ್ನಿಕ್ಕನ್ನು ನುಂಗುತ್ತಿದೆ.

ಮೂರನೆಯ ಪ್ರಶ್ನೆ ಹೊಣೆಯದು. ಸಂತೋಷದ ಮಾತಿನ ನಡುವೆ ಇದನ್ನು ಎತ್ತಲು ಯಾರಿಗೂ ಮನಸ್ಸಾಗುವುದಿಲ್ಲ. ಎತ್ತದೆ ವಿಧಿಯಿಲ್ಲ.

1889ರ ಜೂನ್ 12. ಐರ್ಲೆಂಡಿನ ಅರ್ಮಾ ಪಟ್ಟಣದ ಮೆಥಡಿಸ್ಟ್ ಚರ್ಚಿನ ಭಾನುವಾರದ ಶಾಲೆಯವರು ವಾರನ್‌ಪಾಯಿಂಟ್ ಎಂಬ ಕಡಲೂರಿಗೆ ಹೊರಟಿದ್ದರು. ನಿರೀಕ್ಷೆಗೆ ಮೀರಿ ಜನ ಸೇರಿ ರೈಲಿನಲ್ಲಿ ಸುಮಾರು 940 ಮಂದಿ ತುಂಬಿದರು. ಟಿಕೆಟ್ ಇಲ್ಲದವರು ನುಗ್ಗದಂತೆ ಬೋಗಿಗಳ ಬಾಗಿಲಿಗೆ ಬೀಗ ಹಾಕಲಾಯಿತು. ಊರು ಬಿಟ್ಟೊಡನೆ ಕಡಿದಾದ ಏರು. ಎಂಜಿನ್ ಎಳೆಯಲಾರದೆ ನಿಂತಿತು. ರೈಲನ್ನು ಎರಡು ತುಂಡು ಮಾಡಿ ಮುಂದಿನ ಭಾಗವನ್ನು ಮೊದಲು ಮೇಲೆ ಒಯ್ಯುವುದೆಂದು ಸಿಬ್ಬಂದಿ ತೀರ್ಮಾನಿಸಿದರು. ಹಿಂದಿನ ಹತ್ತು ಬೋಗಿಗಳಿಗೆ ಆಸರೆ ಎಂದರೆ ಒಂದು ಕೈ ಬ್ರೇಕು, ಗಾಲಿಯಡಿ ಇಟ್ಟ ಕಲ್ಲುಗಳು. ಮುಂದಿನ ಭಾಗ ಹೊರಡುವಾಗ ತುಸು ಹಿಂದೆ ಸರಿದು ತಾಗಿತು. ಕಲ್ಲುಗಳು ಪುಡಿಯಾದವು. ಬೀಗ ಹಾಕಿದ ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡಿ, ಅದೇ ಹಳಿಯಲ್ಲಿ ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದವು. 80 ಜನ ಸತ್ತರು. ಅದರಲ್ಲಿ ಮಕ್ಕಳು ಬಹಳ. ಅದೇ ವರ್ಷ ಬ್ರಿಟಿಷ್ ಸಂಸತ್ತು ಕಾನೂನು ತಂದು ಪ್ರಯಾಣಿಕರ ರೈಲುಗಳಿಗೆ ತಾನಾಗಿ ಬೀಳುವ ಬ್ರೇಕನ್ನೂ, ಒಂದು ಭಾಗದ ಹಳಿಯಲ್ಲಿ ಒಂದೇ ರೈಲು ಎಂಬ ನಿಯಮವನ್ನೂ ಕಡ್ಡಾಯ ಮಾಡಿತು. ಎಂಜಿನಿಯರುಗಳು ಬಹುಕಾಲದಿಂದ ಕೇಳುತ್ತಿದ್ದದ್ದು ಈಡೇರಲು ಪಿಕ್ನಿಕ್ಕಿಗೆ ಹೊರಟ ಮಕ್ಕಳ ಜೀವ ಬೇಕಾಯಿತು.

ಹದಿನೈದು ವರ್ಷದ ಬಳಿಕ ನ್ಯೂಯಾರ್ಕಿನಲ್ಲಿ ನಡೆದದ್ದು ಇದಕ್ಕಿಂತ ಘೋರ. ಮ್ಯಾನ್‌ಹಟನ್‌ನ ಜರ್ಮನ್ ಕೇರಿಯಲ್ಲಿದ್ದ ಸೇಂಟ್ ಮಾರ್ಕ್ಸ್ ಲೂಥರನ್ ಚರ್ಚು ತನ್ನ ವಾರ್ಷಿಕ ಬೇಸಿಗೆ ಪಿಕ್ನಿಕ್ಕಿಗಾಗಿ ‘ಜನರಲ್ ಸ್ಲೋಕಮ್’ ಎಂಬ ಹಬೆ ದೋಣಿಯನ್ನು 350 ಡಾಲರಿಗೆ ಗೊತ್ತುಮಾಡಿತ್ತು. 1904ರ ಜೂನ್ 15, ಬುಧವಾರ; ಗಂಡಸರು ಕೆಲಸಕ್ಕೆ ಹೋಗಿದ್ದರಿಂದ ಹತ್ತಿದವರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು. ಈಸ್ಟ್ ನದಿಯಲ್ಲಿ ಹೋಗುತ್ತಿರುವಾಗ ಬೆಂಕಿ ಹತ್ತಿತು. ನೀರು ಹಾಯಿಸುವ ಕೊಳವೆಗಳು ಕೊಳೆತು ಹರಿದವು. ಜೀವರಕ್ಷಕ ಜಾಕೆಟ್ಟುಗಳೊಳಗಿನ ಬೆಂಡು ಹದಿಮೂರು ವರ್ಷ ಹಳೆಯದಾಗಿ ಪುಡಿಯಾಗಿತ್ತು. ಆ ಜಾಕೆಟ್ಟುಗಳನ್ನು ತೊಡಿಸಿ ಮಕ್ಕಳನ್ನು ನೀರಿಗೆ ಬಿಟ್ಟ ತಾಯಂದಿರ ಕಣ್ಣೆದುರೇ ಮಕ್ಕಳು ಮುಳುಗಿದರು. ಒಟ್ಟು 1,021 ಜನ ಸತ್ತರು. ಕೆಲವೇ ವಾರಗಳ ಹಿಂದೆ ಸರ್ಕಾರಿ ತಪಾಸಣೆಗಾರರು ದೋಣಿಗೆ ‘ಎಲ್ಲ ಸರಿಯಿದೆ’ ಎಂದು ಬರೆದುಕೊಟ್ಟಿದ್ದರು. ಕ್ಯಾಪ್ಟನ್ ಜೈಲಿಗೆ ಹೋದರು, ಕಂಪನಿ ದಂಡ ಕಟ್ಟಿ ಪಾರಾಯಿತು. ಹೆಂಡತಿ ಮಕ್ಕಳನ್ನು ಕಳೆದುಕೊಂಡವರಿಗೆ ಆ ಬೀದಿಗಳಲ್ಲಿ ಇರಲಾಗಲಿಲ್ಲ; ಜರ್ಮನ್ ಕೇರಿ ಚೆದುರಿಹೋಯಿತು.

ಆ ಸಭೆಯವರು ಮಾಡಿದ ಅಪರಾಧವೇನೂ ಇರಲಿಲ್ಲ. ಪ್ರಮಾಣಪತ್ರವನ್ನು ನಂಬಿದರು, ಅಷ್ಟೆ. ಹೊಣೆಯನ್ನು ಬಾಡಿಗೆಗೆ ಕೊಡಬಹುದೆಂದು ನಂಬಿದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇದನ್ನು ಹಳೆಯ ಕಾಲದ ಕಥೆಯೆಂದು ಮಡಚಿಡುವಂತೆಯೂ ಇಲ್ಲ. 2024ರ ಜನವರಿಯಲ್ಲಿ ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪಿಕ್ನಿಕ್ಕಿನ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ದೋಣಿಯಲ್ಲಿದ್ದ ಹಲವರ ಮೈಮೇಲೆ ಜಾಕೆಟ್ ಇರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ, ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಶಾಲೆಯಾಗಲಿ, ಚರ್ಚಾಗಲಿ, ಮಹಿಳಾ ಸಮಾಜವಾಗಲಿ, ನೀರಿನ ಬಳಿ ಗುಂಪು ಕರೆದೊಯ್ಯುವ ಎಲ್ಲರಿಗೂ ಇದು ಒಂದೇ ಪಾಠ.

ಕರ್ನಾಟಕದ ಕ್ರೈಸ್ತ ಸಭೆಗಳಿಗೂ ಈ ಬೇಸಿಗೆಯ ನಂಟು ಹಳೆಯದು. ಪ್ರಾಟೆಸ್ಟಂಟ್ ಮನೆಗಳ ಮಕ್ಕಳಿಗೆ ಏಪ್ರಿಲ್-ಮೇ ಅಂದರೆ ವಿ.ಬಿ.ಎಸ್., ಎಂದರೆ ವೆಕೇಶನ್ ಬೈಬಲ್ ಸ್ಕೂಲ್: ಹಾಡು, ನಾಟಕ, ಬಣ್ಣದ ಕಾಗದ, ಮಧ್ಯಾಹ್ನದ ಶರಬತ್ತು. ಈ ರಜಾ ಶಾಲೆಯ ಮೂಲವೂ ನ್ಯೂಯಾರ್ಕ್. 1898ರಲ್ಲಿ ಎಲೈಜಾ ಹಾಸ್ ಎಂಬ ಬ್ಯಾಪ್ಟಿಸ್ಟ್ ಮಹಿಳೆ, ಬೇಸಿಗೆ ರಜೆಯಲ್ಲಿ ಬೀದಿ ಅಲೆಯುತ್ತಿದ್ದ ಬಡ ವಲಸಿಗರ ಮಕ್ಕಳಿಗಾಗಿ ಮ್ಯಾನ್‌ಹಟನ್‌ನ ಪೂರ್ವ ಭಾಗದಲ್ಲಿ ಒಂದು ಬಿಯರ್ ಅಂಗಡಿಯ ಹಾಲನ್ನು ಬಾಡಿಗೆಗೆ ಹಿಡಿದು ಶುರುಮಾಡಿದ್ದು ಅದು. ಸ್ವಂತ ಸಭೆಯ ಮಕ್ಕಳನ್ನಷ್ಟೇ ಕೂಡಿಸುವ ಉದ್ದೇಶ ಅವರಿಗಿರಲಿಲ್ಲ, ಬೀದಿಯ ಮಕ್ಕಳು ಬರಲೆಂದೇ ಬೀದಿಗೆ ಹೋದರು. ಇಲ್ಲಿನ ಸಭೆಗಳ ಹೊರಸಂಚಾರಗಳು ಹೆಚ್ಚಾಗಿ ಒಳಗಿನವರಿಗಷ್ಟೇ ಮುಗಿದುಬಿಡುತ್ತವೆ. ಪಕ್ಕದ ಬೀದಿಯವರಿಗೆ ಚರ್ಚಿನ ಗೇಟಿನೊಳಗೆ ಏನು ನಡೆಯುತ್ತದೆಂಬುದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕಡೆ ಅನುಮಾನ ಬೆಳೆಯುತ್ತದೆ. ವರ್ಷಕ್ಕೊಂದು ದಿನ ಮರದಡಿಯ ಊಟಕ್ಕೆ ನೆರೆಹೊರೆಯವರನ್ನು ಕರೆದು, ತಟ್ಟೆಯ ಜೊತೆ ಕರಪತ್ರ ಕೊಡದೆ, ಬರೀ ಊಟ ಹಾಕಿ ಕಳಿಸಿದರೆ ಹತ್ತು ಸೌಹಾರ್ದ ಸಭೆಗಳು ಮಾಡದ ಕೆಲಸ ಆದೀತು. ಬಂದವರಲ್ಲಿ ಸಸ್ಯಾಹಾರಿಗಳಿದ್ದರೆ ಅವರಿಗೆ ಬೇರೆ ಒಲೆ, ಬೇರೆ ಸೌಟು ಇಡುವುದು ದೊಡ್ಡ ಮಾತಲ್ಲ.

ಇದೇ ಮಾತು ಅಮೆರಿಕದ ಕನ್ನಡ ಕೂಟಗಳಿಗೂ ಸಲ್ಲುತ್ತದೆ. ಅವು ಚರ್ಚುಗಳಲ್ಲ ನಿಜ. ಆದರೆ ಬೇಸಿಗೆಯಲ್ಲಿ ಚರ್ಚಿನವರು ಗೊತ್ತುಮಾಡುವ ಸಾರ್ವಜನಿಕ ಪಾರ್ಕುಗಳ ಮಂಟಪಗಳನ್ನೇ ಅವೂ ಗೊತ್ತುಮಾಡಿ ಪಿಕ್ನಿಕ್ ನಡೆಸುತ್ತವೆ. ಒಂದು ಕಡೆ ಬರ್ಗರ್ ಸುಡುವ ಹೊಗೆ, ಪಕ್ಕದಲ್ಲೇ ಚಿತ್ರಾನ್ನ, ಮೊಸರನ್ನದ ಡಬ್ಬಿ, ಹಗ್ಗಜಗ್ಗಾಟ, ಲಗೋರಿ. ಎಳೆಯ ಮಕ್ಕಳು ಕನ್ನಡವನ್ನು ಆಟದ ಜೊತೆ ಕೇಳುವ ದಿನ ಅದು. ಅಲ್ಲೂ ರೆಸ್ಟೊರೆಂಟಿನಿಂದ ಟ್ರೇಗಳಲ್ಲಿ ತರಿಸುವ ಅಭ್ಯಾಸ ಹೆಚ್ಚುತ್ತಿದೆ. ದುಡಿಯುವ ದಂಪತಿಗೆ ಅದು ಹಗುರ ಎಂಬ ವಾದದಲ್ಲಿ ಹುರುಳಿದೆ. ಇನ್ನೊಂದು ವಾದವೂ ನಿಜ: ಸಾಮೂಹಿಕ ಅಡುಗೆ ಎಂದರೆ ಬಹಳ ಕಡೆ ಹೆಂಗಸರು ಬೇಯಿಸುವುದು, ಗಂಡಸರು ಉಣ್ಣುವುದು ಎಂದೇ ಆಗಿತ್ತು. ಅದಕ್ಕೆ ಪರಿಹಾರ ಕೆಲಸ ಹಂಚುವುದರಲ್ಲಿದೆ, ಒಲೆಯನ್ನೇ ಆರಿಸುವುದರಲ್ಲಿಲ್ಲ. ಒಟ್ಟಿಗೆ ಈರುಳ್ಳಿ ಹೆಚ್ಚಿದವರು ಆಮೇಲೆ ಒಬ್ಬರ ಮನೆಗೊಬ್ಬರು ಹೋಗುತ್ತಾರೆ. ಸಾಲಿನಲ್ಲಿ ನಿಂತು ಕಾಗದದ ತಟ್ಟೆ ಹಿಡಿದವರು ಒಬ್ಬರ ಹೆಸರನ್ನೊಬ್ಬರು ಕೇಳದೆಯೇ ಕಾರು ಹತ್ತುತ್ತಾರೆ.

ಬಯಲೂಟದ ಸಂತೋಷ ಕೆಡದಿರಬೇಕಾದರೆ ಕೆಲವು ಸಣ್ಣ ವಿಷಯಗಳೂ ಗೊತ್ತಿರಬೇಕು. ಬೇಯಿಸಿದ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಸೆಕೆ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದೇ ಗಂಟೆ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳಿಗೆ ಹೋಲಿಸಿದರೆ 32 ಡಿಗ್ರಿ ಏನೂ ಅಲ್ಲ. ಹಾಗಾಗಿ ಉತ್ತರ ಕರ್ನಾಟಕದ ಸಭೆಗಳು ಬೇಸಿಗೆ ಪಿಕ್ನಿಕ್ ಎಂಬ ಹೆಸರಿಗೆ ಕಟ್ಟುಬಿದ್ದು ಮಟಮಟ ಮಧ್ಯಾಹ್ನ ಮಕ್ಕಳನ್ನು ಓಡಿಸಬೇಕಾಗಿಲ್ಲ. ಬೆಳಗಿನ ತಿಂಡಿಯ ಹೊತ್ತಿಗೆ ಕೂಡಿ ಹತ್ತಕ್ಕೆ ಮುಗಿಸಬಹುದು, ಇಲ್ಲವೆ ಮಳೆ ನಿಂತ ಮೇಲೆ ದಸರಾ ರಜೆಗೆ ಇಟ್ಟುಕೊಳ್ಳಬಹುದು.

ಮುಂದಿನ ಪಿಕ್ನಿಕ್ಕಿಗೆ ಸಮಿತಿಯವರು ಸಭೆ ಸೇರಿದಾಗ ಕ್ಯಾಟರಿಂಗ್‌ನವರ ದರಪಟ್ಟಿ ತರಿಸುವ ಮೊದಲು ಸಭೆಯಲ್ಲೇ ಕೇಳಲಿ: ಒಲೆಗೆ ಯಾರು ಬರುತ್ತೀರಿ? ಹೆಂಗಸರಷ್ಟೇ ಗಂಡಸರ ಹೆಸರೂ ಪಟ್ಟಿಯಲ್ಲಿರಲಿ. ಬಯಲು ದೂರದ ರೆಸಾರ್ಟೇ ಆಗಬೇಕೆಂದಿಲ್ಲ; ಚರ್ಚಿನ ಅಂಗಳದ ಮರಗಳೂ ನೆರಳು ಕೊಡುತ್ತವೆ, ನಡೆಯಲಾರದ ಹಿರಿಯರೂ ಅಲ್ಲಿಗೆ ಬರಬಲ್ಲರು. ನೀರಿನ ಬಳಿಗೆ ಹೋಗುವುದೇ ಆದರೆ ಈಜು ಬಲ್ಲ ಇಬ್ಬರು ಊಟಕ್ಕೂ ಏಳದೆ ದಡದಲ್ಲಿರಲಿ, ದೋಣಿಯ ಜಾಕೆಟ್ಟುಗಳನ್ನು ಮಕ್ಕಳು ಹತ್ತುವ ಮುನ್ನ ಸಮಿತಿಯವರೇ ಕೈಯಿಂದ ಹಿಚುಕಿ ನೋಡಲಿ. ಹೊರಡುವಾಗ ಮಕ್ಕಳ ಹೆಸರು ಬರೆದುಕೊಂಡವರು ಸಂಜೆ ಅದೇ ಪಟ್ಟಿ ಹಿಡಿದು ಒಂದೊಂದು ಹೆಸರನ್ನೂ ಕೂಗಿ, ಎಲ್ಲರೂ ಹತ್ತಿದ್ದಾರೆಂದು ಖಾತ್ರಿಯಾದ ಮೇಲೆಯೇ ಕೊನೆಯವರಾಗಿ ಬಸ್ಸು ಹತ್ತಲಿ.